ಬಯಲು ಅಡುಗೆ: ಒಂದು ಶಿಕ್ಷಣ

ಪುಸ್ತಕದಿಂದ ಬರುವ ವಿದ್ಯೆ ಒಂದು ಬಗೆ. ಕೈಯಿಂದ ಮಾಡಿ ಕಲಿಯುವ ವಿದ್ಯೆ ಇನ್ನೊಂದು ಬಗೆ. ಬಯಲಿನಲ್ಲಿ ಬೆಂಕಿ ಹೂಡಿ ಅಡುಗೆ ಮಾಡುವುದು ಎರಡನೆಯ ಬಗೆಗೆ ಸೇರಿದುದು. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಪ್ರಾಯೋಗಿಕ ಶಿಬಿರವನ್ನು ನಡೆಸಿದರು. ಮರುವರ್ಷ ಪ್ರಕಟವಾದ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಗ್ರಂಥದಲ್ಲಿ, ನಾದಿದ ಹಿಟ್ಟನ್ನು ಕೋಲಿಗೆ ಸುತ್ತಿ ಬೆಂಕಿಯ ಬಳಿ ನೆಟ್ಟು ಬೇಯಿಸುವ ಕ್ರಮವೂ ಇದೆ. ನಮ್ಮ ನಾಡಿನ ಕುರಿಗಾಹಿಗಳಿಗೂ ಬಂಡಿ ಹೊಡೆಯುವವರಿಗೂ ಇಂಥ ಅಡುಗೆ ಹೊಸತಲ್ಲ. ಮೂರು ಕಲ್ಲು, ಒಂದು ಪಾತ್ರೆ, ಒಂದು ಹೊರೆ ಪುಳ್ಳೆ ಇದ್ದರೆ ಅವರ ಅಡುಗೆಮನೆ ಸಿದ್ಧವಾಗುತ್ತಿತ್ತು.

ಸಲಕರಣೆ ಕಡಿಮೆಯಾದಷ್ಟೂ ತಿಳಿವಳಿಕೆ ಹೆಚ್ಚು ಬೇಕು. ಒಲೆಗೆ ಒಣಗಿದ ಕಲ್ಲುಗಳನ್ನೇ ಆರಿಸಬೇಕು. ಹೊಳೆಯ ಒದ್ದೆ ಕಲ್ಲು ಕಾದಾಗ ಸಿಡಿಯುವ ಅಪಾಯವುಂಟು. ಒಲೆಯ ಬಾಯಿ ಗಾಳಿ ಬರುವ ಕಡೆಗಿರಲಿ. ಮೊದಲು ಒಣಹುಲ್ಲು, ಅನಂತರ ಬೆರಳಿಗಿಂತ ಸಣ್ಣ ಕಡ್ಡಿ, ಕೊನೆಗೆ ಸೌದೆ: ಇದು ಬೆಂಕಿ ಹೂಡುವ ಕ್ರಮ. ಸೌದೆಯನ್ನು ಒತ್ತಾಗಿ ತುಂಬಿದರೆ ಗಾಳಿಯಾಡದೆ ಹೊಗೆಯೇ ಹೆಚ್ಚುತ್ತದೆ. ಪಾತ್ರೆಯ ಹೊರಮೈಗೆ ಹಸಿಮಣ್ಣು ಬಳಿದರೆ ಮಸಿ ಹಿಡಿಯದು.

ಉರಿ ದೊಡ್ಡದಾದರೆ ಅಡುಗೆ ಬೇಗನೆ ಆಗುವುದೆಂಬುದು ಹೊಸಬರ ಸಾಮಾನ್ಯ ತಪ್ಪು ತಿಳಿವಳಿಕೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾದೀತೇ ಹೊರತು ಅದರ ಶಾಖ ಏರದು. ಆದುದರಿಂದ 1 ಪಾಲು ಅಕ್ಕಿಗೆ 2 ಪಾಲು ನೀರಿಟ್ಟು, ಕುದಿ ಬಂದೊಡನೆ ಸೌದೆಯನ್ನು ಹಿಂದಕ್ಕೆಳೆದು, ಮುಚ್ಚಳ ಹಾಕಿ, ಕೆಂಡದ ಕಾವಿನಲ್ಲಿಯೇ ಅನ್ನ ಅರಳಲು ಬಿಡಬೇಕು. ಗೆಣಸು, ಬದನೆಕಾಯಿಗಳಿಗೆ ಪಾತ್ರೆಯೂ ಬೇಡ. ಬಿಸಿ ಬೂದಿ ಸಾಕು. ಆದರೆ ಹಿಟ್ಟು ಸುತ್ತಲು ಸಿಕ್ಕ ಕೋಲನ್ನೆಲ್ಲ ಬಳಸಬಾರದು. ಕಣಗಿಲೆಯ ಕಡ್ಡಿ ವಿಷಕಾರಿ. ಅದನ್ನು ಸೌದೆಯಾಗಿಯೂ ಉರಿಸಬಾರದು.

ಉಂಡು ಕೈತೊಳೆದಾಗ ಪಾಠ ಮುಗಿಯದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಅರಣ್ಯದಲ್ಲಿ ಹಬ್ಬಿದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಬೇಸಗೆಯ ಒಣಕಾಡಿನಲ್ಲಿ ಕಿಚ್ಚು ಹೇಗೆ ಕೈಮೀರುವುದೆಂಬುದನ್ನು ಅದು ತೋರಿಸಿಕೊಟ್ಟಿತು. ಆದ್ದರಿಂದ ಒಲೆ ಹೂಡುವ ಮೊದಲೇ ಸುತ್ತಲಿನ ತರಗೆಲೆಯನ್ನು ಗುಡಿಸಿ, ಒಂದು ಕೊಡ ನೀರನ್ನು ಹತ್ತಿರದಲ್ಲಿಟ್ಟುಕೊಳ್ಳಬೇಕು. ಮೀಸಲು ಅರಣ್ಯದಲ್ಲಂತೂ ಬೆಂಕಿ ಹೊತ್ತಿಸಲೇಬಾರದು. ಕೊನೆಯಲ್ಲಿ ಕೆಂಡಕ್ಕೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೊಯ್ದು ಕಾವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಶಿಬಿರದಲ್ಲಿ ವಿದ್ಯಾರ್ಥಿಯ ಅಡುಗೆಗೆ ಅಂಕ ನೀಡುವ ಉಪಾಧ್ಯಾಯರು ಅನ್ನದ ರುಚಿಯೊಂದನ್ನೇ ನೋಡಬಾರದು. ಅವನು ಬಿಟ್ಟುಹೋದ ನೆಲವನ್ನೂ ನೋಡಬೇಕು. ಅನ್ನ ತುಸು ಸೀದರೆ ಒಂದು ಹೊತ್ತಿನ ಊಟವಷ್ಟೇ ಕೆಟ್ಟೀತು. ಒಂದು ಕೆಂಡ ಉಳಿದರೆ ಕಾಡೇ ಉಳಿಯದು.