ಸ್ಪ್ರಿಂಗ್ ಒಂದೇ ತಂದರೆ ಸಾಲದು ಮಗಾ

ಕಾರು ತಗ್ಗಿಸಬೇಕು ಅಂತ ಮನಸ್ಸು ಮಾಡಿದ್ದೀಯ. ಮಾಡಿಸು ಮಗಾ, ಬೇಡ ಅನ್ನಲ್ಲ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಇರೋ ಸಂದಿ ನಿನ್ನ ಕಣ್ಣಿಗೆ ಚುಚ್ಚುತ್ತೆ ಅಂತ ಗೊತ್ತು. ವಯಸ್ಸೇ ಅಂಥದ್ದು. ಆದರೆ ಬಿಡಿಭಾಗ ಮಾರೋ ಜೆ.ಸಿ. ರೋಡಿಗೆ ಹೋಗಿ ಕೆಂಪು ಬಣ್ಣದ ನಾಲ್ಕು ಸ್ಪ್ರಿಂಗ್ ಹೊತ್ತು ತಂದು, "ಶಾಕ್ಸ್ ಮುಂದಿನ ವರ್ಷ ನೋಡೋಣ" ಅಂತೀಯಲ್ಲ, ಅಲ್ಲಿ ನನಗೂ ನಿನಗೂ ಜಗಳ.

ಸ್ಪ್ರಿಂಗಿನ ಕೆಲಸ ಭಾರ ಹೊರೋದು, ಗುಂಡಿಗೆ ಬಿದ್ದಾಗ ಕುಗ್ಗಿ ಪೆಟ್ಟು ನುಂಗೋದು. ನುಂಗಿದ್ದನ್ನು ಅದು ಇಟ್ಟುಕೊಳ್ಳಲ್ಲ, ವಾಪಸ್ ಕೊಟ್ಟೇ ಕೊಡುತ್ತೆ. ಕೊಡುವಾಗ ಕಾರು ಕುಣಿಯದ ಹಾಗೆ ಹಿಡಿಯೋದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಆ ತೂತಿನಲ್ಲಿ ಎಣ್ಣೆ ನುಸುಳೋಕೆ ಹೆಣಗಾಡುತ್ತೆ, ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತೆ. ಸ್ಪ್ರಿಂಗ್ ಎಷ್ಟು ಜೋರಾಗಿ ಒದೆಯುತ್ತೋ ಅದಕ್ಕೆ ತಕ್ಕಷ್ಟೇ ತಡೆ ಇರಲಿ ಅಂತ ಲೆಕ್ಕ ಹಾಕಿ ಕಂಪನಿಯವರು ಆ ತೂತುಗಳನ್ನು ಕೊರೆದಿರುತ್ತಾರೆ.

ಈಗ ನೀನು ಗಿಡ್ಡ ಸ್ಪ್ರಿಂಗ್ ಹಾಕ್ತೀಯ. ಗಿಡ್ಡ ಅಂದಮೇಲೆ ಅದು ಗಟ್ಟಿಯೂ ಇರಲೇಬೇಕು, ಇಲ್ಲದಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಬಡಿಯುತ್ತೆ. ಗಟ್ಟಿ ಸ್ಪ್ರಿಂಗಿನ ಒದೆತವನ್ನು ಹಳೇ ಶಾಕ್ಸ್ ತಡೆಯಲಾರದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಗುತ್ತೆ. ಸ್ಪ್ರಿಂಗ್ ಶೇಕಡಾ 30ರಷ್ಟು ಗಟ್ಟಿಯಾದರೆ, ಕಾರು ಮೊದಲಿನಷ್ಟೇ ಕುಣಿತದಲ್ಲಿ ಸುಮ್ಮನಾಗೋಕೆ ಶಾಕ್ಸಿನ ತಡೆ ಸುಮಾರು ಶೇಕಡಾ 14ರಷ್ಟು ಹೆಚ್ಚಬೇಕು. ಲೆಕ್ಕ ವರ್ಗಮೂಲದ್ದು. ಇಂಜಿನಿಯರಿಂಗ್ ಓದಿದವನು ನೀನು, ಬಿಡಿಸಿ ನೋಡು.

ತಡೆಯದ್ದು ಒಂದಾದರೆ ಉದ್ದದ್ದು ಇನ್ನೊಂದು. ಅದೇ ಜಾಸ್ತಿ ಜನ ಮರೆಯೋದು. ಮುಂದಿನ ಸ್ಟ್ರಟ್ಟಿನಲ್ಲಿ, ಅಂದರೆ ಸ್ಪ್ರಿಂಗೂ ಶಾಕ್ಸೂ ಒಟ್ಟಿಗಿರೋ ಜೋಡಣೆಯಲ್ಲಿ, 30 ಮಿ.ಮೀ. ತಗ್ಗಿಸಿದೆ ಅಂದುಕೋ. ಪಿಸ್ಟನ್ ಕೂತಲ್ಲೇ ಹೆಚ್ಚುಕಮ್ಮಿ ಅಷ್ಟು ಕೆಳಗಿಳಿದಿರುತ್ತೆ. ಅಂದರೆ ಗುಂಡಿಗೆ ಬೀಳೋ ಮುಂಚೆಯೇ ಕೆಳಗೆ ಹೋಗೋ ಜಾಗದಲ್ಲಿ 30 ಮಿ.ಮೀ. ಖರ್ಚಾಗಿ ಹೋಯಿತು. ಹಿಂದಿನ ಶಾಕ್ಸಿನದೂ ಇದೇ ಕಥೆ. ನೀನೊಬ್ಬನೇ ಓಡಿಸುವಾಗ ಗೊತ್ತಾಗಲ್ಲ. ಅಪ್ಪ, ಅಮ್ಮ, ಅಜ್ಜಿ ಹಿಂದೆ ಕೂತು, ಡಿಕ್ಕಿಯಲ್ಲಿ ಊರಿನ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಸಿದ ದಿನ ಗೊತ್ತಾಗುತ್ತೆ. ಹಂಪ್ ಹತ್ತಿ ಇಳಿದಾಗಲೆಲ್ಲ ಧಡ್ ಅಂತ ಕೊನೇ ತಡೆಯಾದ ಬಂಪ್ ಸ್ಟಾಪಿಗೆ ಬಡಿಯುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ 25 ಕಿ.ಮೀ. ವೇಗಕ್ಕೆ ಹಾಕೋ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲೋ ಹಂಪುಗಳಿಗೆ ಆ ಅಳತೆ ಎಲ್ಲಿಯದು? ಪೆಟ್ಟು ತಿಂದು ತಿಂದು ಶಾಕ್ಸಿನ ಸೀಲ್ ಹೋಗುತ್ತೆ, ಎಣ್ಣೆ ಒಸರುತ್ತೆ. ಆಮೇಲೆ "ಸ್ಪ್ರಿಂಗ್ ಸರಿಯಿಲ್ಲ" ಅಂತ ಅಂಗಡಿಯವನ ಮೇಲೆ ಹಾರಾಡ್ತೀಯ.

ತಗ್ಗಿಸಿದ ಕಾರು ಯಾರದ್ದಾದರೂ ಸಿಕ್ಕಿದರೆ ಒಂದು ಪರೀಕ್ಷೆ ಮಾಡು. ಜಾಕ್ ಹಾಕಿ ಚಕ್ರ ನೆಲ ಬಿಡೋ ತನಕ ಎತ್ತು. ಬರೀ ಜಾಕ್ ನಂಬಬೇಡ, ಸ್ಟ್ಯಾಂಡ್ ಕೊಡು. ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸು. ಬಿಗಿಯಾಗಿ ಕೂತಿರಬೇಕು, ಮಿಸುಕಬಾರದು. ಲೊಡಲೊಡ ಅಂದರೆ ಆ ಸ್ಪ್ರಿಂಗಿಗೆ ಆ ಶಾಕ್ಸ್ ಉದ್ದವಾಯಿತು ಅಂತಲೇ ಅರ್ಥ. ರಸ್ತೆಯಲ್ಲಿ ಚಕ್ರ ಗಾಳಿಗೆ ಹಾರಿದಾಗ ಆ ಸ್ಪ್ರಿಂಗ್ ತನ್ನ ಪೀಠ ಬಿಟ್ಟು ವಾರೆಯಾಗಬಹುದು. ಸ್ಪ್ರಿಂಗ್ ಕತ್ತರಿಸಿ ಕೊಡ್ತೀನಿ ಅನ್ನೋ ಗ್ಯಾರೇಜಿನಲ್ಲಿ ಇದೇ ಗತಿ. ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರೋದೇ ಇಲ್ಲ. ಅಂಥ ಕಡೆ ಕೀ ಕೊಡಬೇಡ, ಎದ್ದು ಬಾ.

ಕಸುಬು ಗೊತ್ತಿರೋ ಕಂಪನಿಗಳು ಇದನ್ನು ಹೇಗೆ ನಿಭಾಯಿಸಿವೆ ನೋಡು. ಜರ್ಮನಿಯ ಬಿಲ್‌ಸ್ಟೈನ್‌ನವರು ಬಿ6 ಅಂತ ಮಾಡೋದು ಮಾಮೂಲಿ ಉದ್ದದ ಸ್ಪ್ರಿಂಗಿಗೆ. ತಗ್ಗಿಸಿದ ಕಾರಿಗೆ ಅಂತಲೇ ಗಿಡ್ಡ ಮಾಡಿದ್ದು ಬಿ8. ಐಬಾಕ್ ಕಂಪನಿಯ ಸ್ಪ್ರಿಂಗನ್ನೂ ಬಿ8 ಅನ್ನೂ ಸೇರಿಸಿ ಬಿ12 ಅಂತ ಒಂದೇ ಕಿಟ್ ಮಾರುತ್ತಾರೆ. ಮಾಡಿದವರೇ ಜೋಡಿ ಕಟ್ಟಿ ಕೊಡುವಾಗ ನೀನು ಯಾಕೆ ಬಿಡಿಸ್ತೀಯ? ಹೀಗೆ ಜೋಡಿಯಾಗಿ ನಿನ್ನ ಕಾರಿಗೆ ಸಿಗದಿದ್ದರೆ ಸ್ಪ್ರಿಂಗ್ ಎಷ್ಟು ತಗ್ಗಿಸುತ್ತೆ, ಶಾಕ್ಸ್ ಎಷ್ಟು ತಗ್ಗಿಗೆ ಹೊಂದುತ್ತೆ, ಎರಡನ್ನೂ ಬಾಯಿಬಿಟ್ಟು ಕೇಳು. ಎರಡೂ ಅಂಕಿ ಹೇಳಲಾರದವನ ಹತ್ತಿರ ಕೊಳ್ಳಬೇಡ. ಕೋನಿ ಕಂಪನಿಯವರ ಹಳದಿ ಶಾಕ್ಸಿನ ಹಾಗೆ ತಿರುಗಿಸಿ ಬಿಗಿ ಮಾಡೋದು ಸಿಕ್ಕಿತು ಅಂತ ಕೊನೇ ತನಕ ತಿರುಗಿಸಿಬಿಡಬೇಡ. ನಿನ್ನ ಕೈ ಹಾಗೇ, ನಲ್ಲಿ ನಿಲ್ಲಿಸುವಾಗಲೂ ವಾಷರ್ ಹರಿಯೋ ತನಕ ತಿರುಗಿಸ್ತೀಯ. ಅತಿ ಬಿಗಿಯಾದರೆ ಚಕ್ರ ರಸ್ತೆಯ ಏರಿಳಿತ ಹಿಡಿಯಲ್ಲ, ಹಾರಿಹಾರಿ ಹೋಗುತ್ತೆ. ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗ ಅದರ ಬೆಲೆ ಗೊತ್ತಾಗುತ್ತೆ.

ಹಾಕಿಸೋ ದಿನ ಪಕ್ಕದಲ್ಲೇ ನಿಂತುಕೋ. ಕೆಳಗಿನ ಆರ್ಮಿನ ರಬ್ಬರ್ ಬುಷ್ ಬೋಲ್ಟುಗಳನ್ನು ಚಕ್ರ ಜೋತಾಡುವಾಗ ಪೂರ್ತಿ ಬಿಗಿ ಮಾಡಿಸಬೇಡ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಆಮೇಲೆ ಅಲೈನ್‌ಮೆಂಟ್ ತಪ್ಪಿಸಬೇಡ. ಎತ್ತರ ಬದಲಾದರೆ ಚಕ್ರದ ವಾಲಿಕೆಯೂ ಬದಲಾಗಿ ಟೈರಿನ ಒಳಮೈ ಸವೆಯುತ್ತೆ. ಹೊರಗಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತೆ ಬೇರೆ.

ಕಾನೂನಿನದೂ ಒಂದು ಮಾತು. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಆರ್‌ಟಿಒದಲ್ಲಿ ವಿಚಾರಿಸು, ವಿಮೆಯವರಿಗೂ ಮುಂಚೆಯೇ ತಿಳಿಸು.

ಇನ್ನು ದುಡ್ಡಿನ ಮಾತು. ಮುಂದಿನ ಸ್ಪ್ರಿಂಗ್ ಬದಲಾಯಿಸೋಕೆ ಇಡೀ ಸ್ಟ್ರಟ್ ಬಿಚ್ಚಿ ಇಳಿಸಬೇಕು. ಶಾಕ್ಸ್ ಬದಲಾಯಿಸೋಕೂ ಅದೇ ಸ್ಟ್ರಟ್ ಮತ್ತೆ ಇಳಿಸಬೇಕು. ಎರಡು ಸಲ ಮಾಡಿಸಿದರೆ ಕೂಲಿ ಎರಡು ಸಲ, ಅಲೈನ್‌ಮೆಂಟ್ ಎರಡು ಸಲ. ಈಗ ದುಡ್ಡು ಸಾಲದಿದ್ದರೆ ದೀಪಾವಳಿ ಬೋನಸ್ ಬರೋ ತನಕ ತಡೆದುಕೋ. ಆ ಕೆಂಪು ಸ್ಪ್ರಿಂಗ್ ಡಬ್ಬಿಯಲ್ಲೇ ಇರಲಿ, ತುಕ್ಕು ಹಿಡಿಯಲ್ಲ. ಶಾಕ್ಸೂ ಬಂದ ಮೇಲೆ ಹೇಳು, ಗ್ಯಾರೇಜಿಗೆ ನಾನೂ ಬರ್ತೀನಿ.