ತೋಟದ ನಾಯಿಯ ಪಾಲನೆ

ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ ಒಣಗುವಾಗ ರಾತ್ರಿ ಕಾವಲಿಗೆ ನಾವು ನಂಬುವುದು ನಾಯಿಯನ್ನೇ. ಅದರ ಪಾಲನೆಯಲ್ಲಿ ಮಾತ್ರ ನಾವು ಉದಾಸೀನರು.

ಆಹಾರ: ಅನ್ನ-ಮಜ್ಜಿಗೆ ಸಾಕೆಂಬುದು ಹಲವರ ಅಭಿಪ್ರಾಯ. ಅದು ಸಾಲದು, ಮೊಟ್ಟೆ, ಮೀನು ಅಥವಾ ಮಾಂಸವನ್ನು ಬೇಯಿಸಿ ಸೇರಿಸಬೇಕು. ಈರುಳ್ಳಿಯ ಸಾರು ನಾಯಿಯ ರಕ್ತಕ್ಕೆ ಕೇಡು. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಕಾಫಿ ಬೀಜವೂ ಅದಕ್ಕೆ ವಿಷವೇ.

ಅಭ್ಯಾಸ: ಮರಿಯಾಗಿದ್ದಾಗಲೇ ಆಳುಕಾಳುಗಳ, ಮಕ್ಕಳ ಪರಿಚಯ ಮಾಡಿಸಬೇಕು. ಮಾತು ಕೇಳಿದಾಗ ಒಂದು ಚೂರು ರೊಟ್ಟಿ ಕೊಟ್ಟರೆ ಬೇಗ ಕಲಿಯುತ್ತದೆ. ಹೊಡೆದರೆ ಹೆದರಿ ಕಚ್ಚುವ ನಾಯಿಯಾಗುತ್ತದೆ. ಚಿರತೆ ಸುಳಿಯುವ ಕಡೆ ರಾತ್ರಿ ಹೊರಗೆ ಕಟ್ಟದೆ ಭದ್ರವಾದ ಗೂಡಿನಲ್ಲಿಡಬೇಕು.

ಸಂತಾನ: ಹೆಣ್ಣುನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಬೇಡದ ಮರಿಗಳನ್ನು ಗೋಣಿಯಲ್ಲಿ ತುಂಬಿ ಸಂತೆಮಾಳದಲ್ಲಿ ಬಿಟ್ಟುಬರುವವರು ನಮ್ಮಲ್ಲೇ ಇದ್ದಾರೆ. ಬದುಕುಳಿದ ಮರಿಗಳು ಲಸಿಕೆಯಿಲ್ಲದೆ ಬೆಳೆದು, ನಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ನಿಲ್ಲುತ್ತವೆ. ಸಾಕುವವರು ಗೊತ್ತಿಲ್ಲದಿದ್ದರೆ ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದೇ ಲೇಸು.

ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಬಳಿಕ ವರ್ಷಕ್ಕೊಮ್ಮೆ ಹಾಕಿಸುತ್ತಿರಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದು ಅತಿ ವಿರಳವೆಂಬುದನ್ನು ನಾವಾರೂ ಮರೆಯಬಾರದು.