ಬೆರಳ ಗಂಟು ಏಕೆ ದಪ್ಪವಾಯಿತು?

ಮಕ್ಕಳೇ, ನಿಮ್ಮ ಬೆರಳುಗಳನ್ನು ಒಮ್ಮೆ ಮಡಚಿ, ಬಿಡಿಸಿ ನೋಡಿ. ಎಷ್ಟು ಸುಲಭ, ಅಲ್ಲವೇ? ಎರಡು ಮೂಳೆಗಳು ಸೇರುವ ಜಾಗವನ್ನು ಕೀಲು ಎನ್ನುತ್ತೇವೆ. ಅಲ್ಲಿ ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಆದ್ದರಿಂದಲೇ ಮೂಳೆಗಳು ಒಂದಕ್ಕೊಂದು ಉಜ್ಜದೆ ಸಲೀಸಾಗಿ ಚಲಿಸುತ್ತವೆ.

ಆದರೆ ಅಪರೂಪಕ್ಕೆ ಕೆಲವು ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ, ಸಾಮಾನ್ಯವಾಗಿ 3ರಿಂದ 8 ವರ್ಷದೊಳಗೆ, ಬೆರಳ ಗಂಟುಗಳು ದಪ್ಪವಾಗತೊಡಗುತ್ತವೆ. ವರ್ಷ ಕಳೆದಂತೆ ಸೊಂಟ, ಮೊಣಕಾಲಿನ ಕೀಲುಗಳೂ ಬಿಗಿಯಾಗುತ್ತವೆ. ಓಡುವುದು, ಮೆಟ್ಟಿಲು ಹತ್ತುವುದು, ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟವಾಗುತ್ತದೆ.

ನೋಡುವುದಕ್ಕೆ ಇದು ಸಂಧಿವಾತದಂತೆಯೇ ಇರುತ್ತದೆ. ಆದರೆ ಸಂಧಿವಾತದಲ್ಲಿ ಕೀಲಿನೊಳಗೆ ಉರಿಯೂತ ಇರುತ್ತದೆ. ಈ ಕಾಯಿಲೆಯಲ್ಲಿ ಅದು ಇರುವುದಿಲ್ಲ. ಮೂಳೆಯ ತುದಿಯೇ ದಪ್ಪವಾಗಿರುತ್ತದೆ. ವ್ಯತ್ಯಾಸ ತಿಳಿಯದಿದ್ದರೆ ಮಗು ವರ್ಷಗಟ್ಟಲೆ ಸಂಧಿವಾತದ ಔಷಧಿ ನುಂಗಬೇಕಾಗುತ್ತದೆ. ಅದರಿಂದ ಪ್ರಯೋಜನವೇನೂ ಇಲ್ಲ.

ನಮ್ಮ ನೆರೆಯಲ್ಲೇ ನಡೆದ ಸಂಶೋಧನೆ

ಮಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಮಣಿಪಾಲವಿದೆ. ಅಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಈ ಕಾಲೇಜಿನಲ್ಲಿ ಕೆಲಸ ಮಾಡಿದ ವೈದ್ಯ ವಿಜ್ಞಾನಿ ಡಾ. ಕೆ.ಎಂ. ಗಿರೀಶ ಅವರು ಮೂಳೆಗೆ ಸಂಬಂಧಿಸಿದ ಆನುವಂಶಿಕ ಕಾಯಿಲೆಗಳ ಬಗ್ಗೆ ಅನೇಕ ಸಂಶೋಧನೆಗಳನ್ನು ಮಾಡಿದ್ದಾರೆ. ತಂದೆ ತಾಯಿಯಿಂದ ವಂಶವಾಹಿಗಳ ಮೂಲಕ ಬರುವ ಕಾಯಿಲೆಯೇ ಆನುವಂಶಿಕ ಕಾಯಿಲೆ.

ನಾವು ಮೇಲೆ ಓದಿದ ಕಾಯಿಲೆಗೆ ಸಿಸಿಎನ್6 ಎಂಬ ವಂಶವಾಹಿಯಲ್ಲಿನ ದೋಷ ಕಾರಣವೆಂದು ವಿದೇಶದ ವಿಜ್ಞಾನಿಗಳು 1999ರಲ್ಲಿ ತೋರಿಸಿದ್ದರು. ಆಗ ಅದಕ್ಕೆ ಬೇರೆ ಹೆಸರಿತ್ತು. ನಮ್ಮ ದೇಶದ ರೋಗಿಗಳಲ್ಲಿ ಆ ದೋಷ ಯಾವ ರೂಪದಲ್ಲಿದೆ? ಗಿರೀಶ ಅವರು ಹೈದರಾಬಾದಿನ ಡಾ. ಅಶ್ವಿನ್ ದಲಾಲ್ ಮತ್ತಿತರರೊಡನೆ ಸೇರಿ ಇದನ್ನು ಹುಡುಕಿದರು. ಭಾರತದ 25 ಕುಟುಂಬಗಳ 35 ರೋಗಿಗಳನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಬದಲಾವಣೆಗಳು ಹಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಕಂಡುಬಂದವು. ಇದರಿಂದ ಒಂದು ಅನುಕೂಲವಾಯಿತು. ಇಂಥ ಮಗು ಬಂದಾಗ ಮೊದಲು ಎಲ್ಲಿ ಹುಡುಕಬೇಕು ಎಂಬುದು ವೈದ್ಯರಿಗೆ ತಿಳಿಯಿತು.

ಒಂದೇ ಅಕ್ಷರ!

‘ಕಾಲು’ ಎಂಬ ಪದದ ಮೊದಲ ಅಕ್ಷರ ಬದಲಿಸಿದರೆ ‘ಹಾಲು’ ಆಗುತ್ತದೆ. ವಂಶವಾಹಿಯೂ ಹೀಗೆಯೇ. ಅದು ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆ. ಅದನ್ನು ನಾಲ್ಕೇ ರಾಸಾಯನಿಕ ‘ಅಕ್ಷರ’ಗಳಲ್ಲಿ ಬರೆಯಲಾಗಿದೆ. ಮೇಲೆ ಹೇಳಿದ ಎರಡು ಬದಲಾವಣೆಗಳಲ್ಲಿ ಒಂದನ್ನು ನೋಡಿ. ಒಂದು ಅಕ್ಷರ ಬದಲಾದದ್ದರಿಂದ ‘ಇಲ್ಲಿಗೆ ನಿಲ್ಲಿಸು’ ಎಂಬ ಸೂಚನೆ ಮಧ್ಯದಲ್ಲೇ ಬಂದುಬಿಟ್ಟಿದೆ. ವಾಕ್ಯ ಮುಗಿಯುವ ಮೊದಲೇ ಪೂರ್ಣವಿರಾಮ ಹಾಕಿದಂತೆ! ಪ್ರೋಟೀನ್ ಪೂರ್ತಿ ತಯಾರಾಗುವುದಿಲ್ಲ, ಮೃದ್ವಸ್ಥಿ ಕೆಡುತ್ತದೆ.

ತಂದೆ ತಾಯಿ ಆರೋಗ್ಯವಾಗಿದ್ದಾರಲ್ಲ?

ಒಳ್ಳೆಯ ಪ್ರಶ್ನೆ. ಈ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಒಂದು ಪ್ರತಿ ಸರಿಯಿದ್ದರೂ ಸಾಕು, ಕಾಯಿಲೆ ಬರುವುದಿಲ್ಲ. ಎರಡೂ ಕೆಟ್ಟಿದ್ದರೆ ಮಾತ್ರ ಬರುತ್ತದೆ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ತೆಂಗಿನ ಗೆರಟೆ, ಒಂದೇ ಗಾತ್ರದ ನಾಲ್ಕು ಹುಣಸೆ ಬೀಜ, ಸೀಮೆಸುಣ್ಣ.

1. ಎರಡು ಬೀಜಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಇವು ದೋಷವಿರುವ ಪ್ರತಿಗಳು.
2. ಪ್ರತಿ ಗೆರಟೆಯಲ್ಲಿ ಗುರುತಿರುವ ಒಂದು, ಗುರುತಿಲ್ಲದ ಒಂದು ಬೀಜ ಇಡಿ. ಒಂದು ಗೆರಟೆ ತಾಯಿ, ಇನ್ನೊಂದು ತಂದೆ.
3. ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಬೀಜ ತೆಗೆಯಿರಿ. ಬರೆದುಕೊಂಡು, ಬೀಜವನ್ನು ಅದದೇ ಗೆರಟೆಗೆ ಹಾಕಿ.
4. ಹೀಗೆ 40 ಸಲ ಮಾಡಿ.

ಗುರುತಿರುವ ಎರಡೂ ಬೀಜಗಳು ಎಷ್ಟು ಸಲ ಬಂದವು? ಹೆಚ್ಚುಕಡಿಮೆ 10 ಸಲ ಇರಬಹುದು. ಅಂದರೆ ನಾಲ್ಕರಲ್ಲಿ ಒಂದು. ಒಮ್ಮೆ ಬಂದ ಮಾತ್ರಕ್ಕೆ ಮುಂದಿನ ಸಲ ಬರಬಾರದೆಂದಿಲ್ಲ. ಪ್ರತಿ ಸಲವೂ ಸಾಧ್ಯತೆ ಅಷ್ಟೇ.

ತಪ್ಪು ಯಾರದ್ದು?

ಯಾವ ಬೀಜ ಕೈಗೆ ಬರಬೇಕೆಂದು ನೀವು ಆರಿಸಿದಿರಾ? ಇಲ್ಲ. ಹಾಗೆಯೇ ಯಾವ ತಾಯಿಯೂ, ಯಾವ ತಂದೆಯೂ ವಂಶವಾಹಿಯನ್ನು ಆರಿಸಿ ಮಗುವಿಗೆ ಕೊಡುವುದಿಲ್ಲ. ಇದು ಶಾಪವಲ್ಲ, ಯಾರ ತಪ್ಪೂ ಅಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ.

ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೂ ವಂಶವಾಹಿ ಪರೀಕ್ಷೆಯಿಂದ ಲಾಭವಿದೆ. ಬೇಡದ ಔಷಧಿ ನಿಲ್ಲುತ್ತದೆ. ಕೀಲುಗಳಿಗೆ ತಕ್ಕ ವ್ಯಾಯಾಮ ಶುರುವಾಗುತ್ತದೆ. ಮುಂದೆ ಹುಟ್ಟುವ ಮಗುವಿನ ಬಗ್ಗೆ ತಂದೆ ತಾಯಿ ವೈದ್ಯರ ಸಲಹೆ ಪಡೆಯಬಹುದು.

ಯೋಚಿಸಿ

* ಗೆರಟೆಯ ಆಟದಲ್ಲಿ ಗುರುತಿನ ಒಂದೇ ಬೀಜ ಬಂದ ಮಗುವಿಗೆ ಕಾಯಿಲೆ ಇರುತ್ತದೆಯೇ? ಏಕೆ?
* ನಿಮ್ಮ ತರಗತಿಯ ಗೆಳೆಯನಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದುಕೊಳ್ಳಿ. ಅವನೂ ನಿಮ್ಮೊಡನೆ ಆಡುವಂತೆ, ಊಟ ಮಾಡುವಂತೆ ನೀವು ಏನೇನು ಬದಲಾಯಿಸುತ್ತೀರಿ? ಗುಂಪಿನಲ್ಲಿ ಚರ್ಚಿಸಿ, ಬರೆಯಿರಿ.